ಎರಡು ಕರಿ, ಮೂರು ಕರಿ

ನಾನು ಒಂದು ಚಿತ್ರ ಬರೆಯುವ ಪುಸ್ತಕ. ಮೈಸೂರಿನ ಶಿವರಾಂಪೇಟೆಯ ಬೈಂಡಿಂಗ್ ಅಂಗಡಿಯಲ್ಲಿ ಖಲೀಲ್ ಸಾಹೇಬರು ಕೈಯಾರೆ ಹೊಲಿದು ನನಗೆ ಜನ್ಮ ಕೊಟ್ಟರು. ಅದೇ ದಿನ ಹುಟ್ಟಿದ ನನ್ನ ಒಡಹುಟ್ಟಿದವರೆಲ್ಲ ಶಾಲೆಯ ಹಾಜರಿ ಪುಸ್ತಕಗಳಾಗಿ ಹೋದರು, ಪಾಪ. ನನಗೆ ಮಾತ್ರ ದಪ್ಪ ಕಾಗದ, ನೀಲಿ ಬಟ್ಟೆಯ ರಟ್ಟು. ಆ ಜಂಬ ಇನ್ನೂ ಇಳಿದಿಲ್ಲ.

ನನ್ನನ್ನು ಮನೆಗೆ ತಂದವರು ಜಯಶೀಲರು. ಪತ್ರಿಕೆಯೊಂದಕ್ಕೆ ಮೂವತ್ತೈದು ವರ್ಷ ವ್ಯಂಗ್ಯಚಿತ್ರ ಬರೆದು ನಿವೃತ್ತರಾದವರು. ಮನೆಯಲ್ಲಿದ್ದವರು ಅವರ ಅಕ್ಕ ಸುಗಂಧಿ ಟೀಚರ್, ಜೊತೆಗೆ ಅಪ್ಪನ ಕಾಲದ ಪಿಯಾನೋ. ಅಕ್ಕ ತಮ್ಮ ಇಬ್ಬರೂ ಮದುವೆಯಾದವರಲ್ಲ. ಜಗಳವಾಡಲು ಒಬ್ಬರಿಗೊಬ್ಬರು ಸಾಕಾಗಿತ್ತು.

ಆ ಪಿಯಾನೋದ ಒಂದು ಬಿಳಿ ಕೀಯ ಮೂಲೆ ಚಕ್ಕೆ ಎದ್ದಿತ್ತು. ಅದನ್ನು ಮುರಿದವರು ಯಾರೆಂದು ಯಾರಿಗೂ ತಿಳಿಯಲಿಲ್ಲವಂತೆ. ನುಡಿಸುವವಳು ನೀನೊಬ್ಬಳೇ ಎಂದು ಅಪ್ಪ ಹತ್ತು ವರ್ಷದ ಸುಗಂಧಿಗೇ ಏಟು ಕೊಟ್ಟಿದ್ದರಂತೆ.

ಮನೆಯಲ್ಲೊಂದು ಪದ್ಧತಿಯಿತ್ತು. ತಮ್ಮ ಊರೂರು ಸುತ್ತಿ ಚಿತ್ರಗಳ ದಿನಚರಿ ಬರೆದು ತರುವುದು. ಮಂಡಿನೋವು, ಪಿಯಾನೋ ಪಾಠದ ಮಕ್ಕಳು ಎಂದು ಮನೆ ಬಿಡದ ಅಕ್ಕ ಅದನ್ನು ಪಿಯಾನೋದ ಮೇಲೆ ನಿಲ್ಲಿಸಿ, ಒಂದೊಂದು ಪುಟಕ್ಕೂ ಒಪ್ಪುವ ಸಂಗೀತ ನುಡಿಸುವುದು. ರೈಲಿಗೊಂದು, ಮಳೆಗೊಂದು, ಚಪ್ಪಲಿ ಕದ್ದ ಕೋತಿಗೂ ಒಂದು. ಅದು ಮುಗಿದರೇ ಜಯಶೀಲರಿಗೆ ಪ್ರವಾಸ ಮುಗಿದ ಹಾಗೆ.

ನನ್ನ ಮೊದಲ ಪುಟದಲ್ಲಿ ಅವರು ಬರೆದದ್ದು ಅಕ್ಕನ ಎಪ್ಪತ್ತನೇ ಹುಟ್ಟುಹಬ್ಬದ ಉಡುಗೊರೆ: ಪಿಯಾನೋ ನುಡಿಸುತ್ತಿರುವ ಅಕ್ಕ. ಟೀಚರ್ ಕನ್ನಡಕ ಏರಿಸಿ ನೋಡಿದರು. ಬೆರಳಿಟ್ಟು ಎಣಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಲೋ, ಕರಿ ಕೀಗಳು ಎರಡು, ಆಮೇಲೆ ಮೂರು, ಮತ್ತೆ ಎರಡು, ಹೀಗಿರ್ತವೆ ಕಣೋ. ನೀನು ಬೇಲಿ ಗೂಟದ ಥರ ಸಾಲಾಗಿ ನೆಟ್ಟುಬಿಟ್ಟಿದ್ದೀಯಲ್ಲ."

ನಗು ನಿಂತಿತು. ಧ್ವನಿ ಇಳಿಯಿತು.

"ಅರವತ್ತು ವರ್ಷದಿಂದ ಇದರ ಪಕ್ಕದಲ್ಲೇ ಕೂತು ಕಾಫಿ ಕುಡೀತೀಯ. ಒಂದು ದಿನಾನೂ ನೋಡ್ಲಿಲ್ವಲ್ಲೋ."

ತನ್ನ ಪಿಯಾನೋವನ್ನು ಸರಿಯಾಗಿ ಬರೆಯುವ ತನಕ ಈ ಪುಸ್ತಕ ಅದರ ಮೇಲೆ ಕೂರುವುದಿಲ್ಲ ಎಂದೂ ಹೇಳಿದರು. ಜಯಶೀಲರ ಮುಖ ಸಪ್ಪಗಾಯಿತು. ಊರಿನವರ ಮೂಗಿನ ಮೇಲಿನ ನರೂಲಿಯನ್ನೂ ಬಿಡದ ಕಣ್ಣು ಅವರದು. ದೀಪದ ಬುಡದಲ್ಲೇ ಕತ್ತಲಾಗಿತ್ತು. ನನಗೂ ದುಃಖವಾಯಿತು. ಕೂರುವ ಜಾಗ ಹೋದದ್ದು ನನ್ನದೇ ತಾನೆ?

ಮರುದಿನವೇ ಮೊದಲೇ ಗೊತ್ತುಮಾಡಿದ್ದ ಡಾರ್ಜಿಲಿಂಗ್ ಪ್ರಯಾಣ. ಹಿಮಪರ್ವತ ನೋಡಲು ಹೋದವರಿಗೆ ನಾಲ್ಕು ದಿನವೂ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ. ಆದರೆ ಉಳಿದುಕೊಂಡ ಲಾಡ್ಜಿನ ಹಜಾರದಲ್ಲೇ ಒಂದು ಹಳೆಯ ಪಿಯಾನೋ ಇತ್ತು. ಇವರು ಖುಷಿಯಿಂದ ಪೆನ್ಸಿಲ್ ಚೂಪು ಮಾಡಿದರು. ನೋಡಿದರೆ, ಮುಚ್ಚಳಕ್ಕೆ ಬೀಗ! ಬೀಗದ ಕೈ ಕಳೆದು ಎಷ್ಟೋ ವರ್ಷವಾಯಿತು ಎಂದು ಮಾಲೀಕ ಕೈಚೆಲ್ಲಿದ.

ಜಯಶೀಲರು ಅದರ ಮುಂದೆಯೇ ಕೂತು ಕಣ್ಣು ಮುಚ್ಚಿದರು. ಮನೆಯ ಪಿಯಾನೋವನ್ನೇ ನೆನೆಯುತ್ತ ಎರಡು, ಮೂರು, ಎರಡು, ಮೂರು ಎಂದು ಗುನುಗಿಕೊಂಡು ನನ್ನ ಕೊನೆಯ ಹಾಳೆಯ ಮೇಲೆ ನಿಧಾನವಾಗಿ ಬರೆಯತೊಡಗಿದರು. ಚಕ್ಕೆ ಎದ್ದ ಕೀ ಬಂದಾಗ ಪೆನ್ಸಿಲ್ ನಿಂತುಬಿಟ್ಟಿತು. ಅವರು ಸುತ್ತಮುತ್ತ ನೋಡಿದರು, ಯಾರೋ ಬೆನ್ನ ಹಿಂದೆ ಇದ್ದಾರೇನೋ ಎಂಬಂತೆ. ಆಮೇಲೆ ಸರಸರನೆ ಬರೆದು ಮುಗಿಸಿ ನನ್ನನ್ನು ಮುಚ್ಚಿದರು.

ಊರಿಗೆ ಬಂದ ಮೇಲೆ ನನ್ನನ್ನು ಪಿಯಾನೋದ ಪಕ್ಕದ ಮೇಜಿನ ಮೇಲಿಟ್ಟು ಅಡುಗೆಮನೆ ಬಾಗಿಲಲ್ಲಿ ನಿಂತರು. ಟೀಚರ್ ನೇರವಾಗಿ ಕೊನೆಯ ಪುಟಕ್ಕೇ ಹೋದರು. ಬೆರಳು ಎಣಿಸುತ್ತ ಸಾಗಿತು. ಎಲ್ಲ ಸರಿಯಾಗಿತ್ತು. ಚಕ್ಕೆ ಎದ್ದ ಕೀಯ ಹತ್ತಿರ ಬೆರಳು ನಿಂತಿತು. ಅಲ್ಲಿ ಚಡ್ಡಿ ಹಾಕಿದ ಗುಂಡಗಿನ ಹುಡುಗನೊಬ್ಬ, ಕಾಡುಬಾದಾಮಿಯನ್ನು ಕೀಯ ಮೇಲಿಟ್ಟು, ನಾಲಿಗೆ ಕಚ್ಚಿಕೊಂಡು ಗುಂಡುಕಲ್ಲು ಎತ್ತಿದ್ದ.

"ಬಾರೋ ಇಲ್ಲಿ."

ಅರವತ್ತಾರು ವರ್ಷದ ಜಯಶೀಲರು ಬಂದರು. ಅಕ್ಕ ಅವರ ಕಿವಿ ಹಿಡಿದರು.

"ಅಪ್ಪ ನಂಗೆ ಹೊಡೆಯುವಾಗ ಎಲ್ಲಿದ್ದೆ?"

"ಪಿಯಾನೋ ಕೆಳಗೆ," ಅಂದರು ತಮ್ಮ. "ಬಾದಾಮಿ ತಿಂತಿದ್ದೆ."

ಟೀಚರ್‌ಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೇ ಬಂತು. ಹಿಡಿದ ಕಿವಿಯನ್ನು ಮಾತ್ರ ಬಿಡಲಿಲ್ಲ. ಇನ್ನೊಂದು ಕೈಯಿಂದ ನನ್ನನ್ನು ಎತ್ತಿ ಪಿಯಾನೋದ ಮೇಲೆ ನಿಲ್ಲಿಸಿ, ಆ ಒಂದೇ ಕೈಯಲ್ಲಿ ಏನೋ ತುಂಟ ಸಂಗೀತ ನುಡಿಸಿದರು. ಅವತ್ತಿನಷ್ಟು ಸಂತೋಷ ನಾನು ಮತ್ತೆ ಕಂಡಿಲ್ಲ.

ಈಗ ನನ್ನ ಹೊಲಿಗೆ ಸಡಿಲವಾಗಿದೆ, ನೀಲಿ ರಟ್ಟು ಬೂದಿ ಬಣ್ಣಕ್ಕೆ ತಿರುಗಿದೆ. ಆದರೂ ನನ್ನ ಜಾಗ ಪಿಯಾನೋದ ಮೇಲೆಯೇ, ಅದೇ ಪುಟ ತೆರೆದುಕೊಂಡು. ಹೊಸದಾಗಿ ಬರುವ ಮಕ್ಕಳು ಮೊದಲು ನನ್ನಲ್ಲಿ ಎರಡು ಕರಿ, ಮೂರು ಕರಿ ಎಣಿಸಬೇಕು, ಆಮೇಲೆ ಪಿಯಾನೋದಲ್ಲಿ. ಹಾಜರಿ ಪುಸ್ತಕವಾಗದಿದ್ದರೂ ಮಕ್ಕಳಿಗೆ ಪಾಠ ಹೇಳುವುದು ನನ್ನ ಹಣೆಯಲ್ಲಿ ಬರೆದಿತ್ತು, ನೋಡಿ.

ಭಾನುವಾರಗಳಂದು ಜಯಶೀಲರು ಅಕ್ಕನಿಗೆಂದು ತಟ್ಟೆ ತುಂಬ ಕಾಡುಬಾದಾಮಿಯ ತಿರುಳು ತಂದಿಡುತ್ತಾರೆ. ಒಡೆಯುವುದು ಮಾತ್ರ ಹೊರಗೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ.