ಹೆಂಡತಿಯ ಸಹಿ

ಕೆಮ್ಮು, ಬಾಗಿಲಿನ ಆಚೆ, ಒಂದು, ತಡೆದು ಇನ್ನೊಂದು, ಅವನದೇ, ಕರವಸ್ತ್ರದೊಳಗೆ ಅದುಮಿದ ಕೆಮ್ಮು, ಪಕ್ಕದಲ್ಲಿ ಕೂತವರಿಗೆ ತೊಂದರೆಯಾಗದಿರಲೆಂದು ಗೋಡೆಯ ಕಡೆ ಮುಖ ತಿರುಗಿಸಿಕೊಂಡಿರುತ್ತಾನೆ ಬ್ಲಾಗೊಯಾ, ನನ್ನ ಗಂಡ, ಕೆಮ್ಮುವುದಕ್ಕೂ ಯಾರದೋ ಅಪ್ಪಣೆ ಬೇಕೇನೋ ಎಂಬಂತೆ ಬದುಕಿದವನು — ಈ ನೋಟರಿಗೆ ಕೇಳಿಸಿತೇ, ಇಲ್ಲ, ಶ್ರೀಮತಿ ಲೀಖ್ಟಿ ಕನ್ನಡಕ ಒರೆಸುತ್ತಿದ್ದಾರೆ, ಕೇಳಿಸಿದ್ದರೆ ಕೇಳುತ್ತಿದ್ದರು, ನಿಮ್ಮ ಯಜಮಾನರಿಗೆ ಹುಷಾರಿಲ್ವಾ ಎಂದು ಕೇಳಿಯೇ ಕೇಳುತ್ತಿದ್ದರು, ಆಗ ನಾನು ಏನು ಹೇಳಲಿ, ಶೀತ ಎನ್ನಲೇ, ಶೀತ ಎಂದರೆ ಅದನ್ನೂ ಬರೆದುಕೊಳ್ಳುತ್ತಾರೋ ಏನೋ, ನಾವು ದುಡಿಯಲು ಬಂದು ನೆಲೆಸಿದ ಈ ಬೀಲ್ ಪಟ್ಟಣದಲ್ಲಿ ಎಲ್ಲರೂ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಅವರನ್ನ ಹೊರಗೆ ಕೂರಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಪೆಟ್ಕೋವ್ಸ್ಕಾ ಅವರೇ, ನಾನು ಎಲ್ಲ ಹೆಂಡತಿಯರಿಗೂ ಹೀಗೇ ಮಾಡೋದು, ಗಂಡ ಪಕ್ಕದಲ್ಲಿದ್ರೆ ಪೆನ್ನು ತಾನಾಗೇ ಓಡತ್ತೆ, ಎಂದು ನಕ್ಕರು, ನಾನೂ ನಕ್ಕೆ, ನಕ್ಕದ್ದು ಹೆಚ್ಚಾಯಿತೇನೋ. ಮೇಜಿನ ಮೇಲೆ ಆ ಹಾಳೆ. ಕೆಳಗೆ ಎರಡು ಗೆರೆ, ಒಂದರ ಮೇಲೆ ಅವನ ಹೆಸರು ಆಗಲೇ ಬಿದ್ದಿದೆ, ಶಾಲೆಯ ಹುಡುಗನ ಹಾಗೆ ಒಂದೊಂದೇ ಅಕ್ಷರ ಕೂರಿಸಿ ಬರೆದಿದ್ದಾನೆ, ಇನ್ನೊಂದು ಖಾಲಿ, ಅದು ನನ್ನದು. ಇಪ್ಪತ್ತೊಂಬತ್ತು ವರ್ಷ ಗಡಿಯಾರದ ಕವಚಗಳಿಗೆ ಪಾಲಿಶ್ ಹಾಕಿದ ಕೈಗಳ ಸಂಬಳದಿಂದ ತಿಂಗಳು ತಿಂಗಳು ಹಿಡಿದಿಟ್ಟ ಹಣ, ಇಲ್ಲಿಯವರು ಅದನ್ನು ಎರಡನೇ ಕಂಬ ಎನ್ನುತ್ತಾರೆ, ಸರಕಾರದ ಪಿಂಚಣಿ ಮೊದಲ ಕಂಬ, ಕಾರ್ಖಾನೆಯ ನಿಧಿ ಎರಡನೆಯದು, ಮುಪ್ಪಿನ ಮನೆ ನಿಲ್ಲುವುದು ಈ ಕಂಬಗಳ ಮೇಲೆ. ದೇಶ ಬಿಟ್ಟು ನಮ್ಮ ಮೆಸಿಡೋನಿಯಾದಂಥ ಕಡೆ ಹೊರಟವರು ಆ ಎರಡನೇ ಕಂಬವನ್ನು ಬುಡಸಮೇತ ಕಿತ್ತುಕೊಂಡು ಹೋಗಬಹುದು, ಹೆಂಡತಿ ಒಪ್ಪಿದರೆ, ಅವಳ ಸಹಿ ಅವಳದೇ ಎಂದು ನೋಟರಿ ಮುದ್ರೆ ಒತ್ತಿದರೆ. ನಾನು ಮಾಡುವುದು ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ಅರ್ಧ ದಿನದ ಕೆಲಸ, ಅದಕ್ಕೆ ಎರಡನೇ ಕಂಬವೇ ಇಲ್ಲ.

ಓದಿ ಹೇಳ್ತೀನಿ, ನಿಧಾನವಾಗಿ, ಅರ್ಥ ಆಗದಿದ್ರೆ ತಡೀರಿ, ಎನ್ನುತ್ತಿದ್ದಾರೆ ಲೀಖ್ಟಿ, ಓದುತ್ತಿದ್ದಾರೆ, ನನಗೆ ಎಲ್ಲ ಅರ್ಥವಾಗುತ್ತಿದೆ, ಅದೇ ತೊಂದರೆ, ನನಗೆ ಜರ್ಮನ್ ಅರ್ಥವಾಗುತ್ತದೆ, ಅವನಿಗೆ ಆಗುವುದಿಲ್ಲ, ಕಾರ್ಖಾನೆಯಲ್ಲಿ ಅವನ ಸುತ್ತ ಇದ್ದವರು ಇಟಲಿಯವರು, ಪೋರ್ಚುಗಲ್ಲಿನವರು, ಯಂತ್ರದ ಗದ್ದಲದಲ್ಲಿ ಕೈಸನ್ನೆಯೇ ಭಾಷೆ, ಎಲ್ಲಿಗೆ ಹೋದರೂ ಏನಂದ್ರು ಮೆಂಕಾ, ಏನಂದ್ರು ಎಂದು ನನ್ನ ಕಡೆ ತಿರುಗುವವನು, ಆಸ್ಪತ್ರೆಯಲ್ಲೂ ತಿರುಗಿದ. ಕಳೆದ ತಿಂಗಳು. ಡಾಕ್ಟರ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಶ್ವಾಸಕೋಶ, ಗುಲಾಬಿ ಬಣ್ಣದ್ದು, ಮಧ್ಯೆ ತೆರೆದುಕೊಳ್ಳುವಂಥದ್ದು, ಅವನು ಅದನ್ನು ತೆರೆದ, ಮುಚ್ಚಿದ, ತೆರೆದ, ಒಳಗಿನ ಕೆಲಸ ಚೆನ್ನಾಗಿದೆ, ಅಂಚು ನೋಡು ಎಷ್ಟು ನಯ, ಎಂದ, ಪಾಲಿಶ್ ಮಾಡುವವನ ಕಣ್ಣು, ಆ ಹೊತ್ತಿಗೇ ಡಾಕ್ಟರು ನನ್ನನ್ನು ನೋಡುತ್ತ ಗಡಿಬಿಡಿಯಲ್ಲಿ ಹೇಳುತ್ತಿದ್ದರು, ಲೋಹದ ದೂಳು ಇರಬಹುದು, ಸಿಗರೇಟೂ ಇರಬಹುದು, ಈಗ ಅದರಿಂದ ಏನೂ ವ್ಯತ್ಯಾಸ ಆಗಲ್ಲ, ಕತ್ತರಿಸಿ ತೆಗೆಯೋ ಜಾಗದಲ್ಲಿಲ್ಲ, ಒಂದೂವರೆ ವರ್ಷ, ತುಂಬಾ ಅಂದ್ರೆ ಎರಡು, ನೀವೇ ಅವರಿಗೆ ಹೇಳ್ತೀರಲ್ಲ. ಏನಂದ್ರು ಮೆಂಕಾ. ಅವನ ಕೈಯಲ್ಲಿ ಶ್ವಾಸಕೋಶದ ಅರ್ಧ ಭಾಗ. ನಾನು ಬಾಯಿ ತೆರೆದೆ, ಬಂದದ್ದು ಇದು: ಮಾತ್ರೆ ಸರಿಯಾಗಿ ತಗೋಬೇಕಂತೆ, ದೂಳಿನ ಕೆಲಸ ಬಿಡಬೇಕಂತೆ, ಊರಿನ ಗಾಳಿ ಒಳ್ಳೇದಂತೆ. ಊರಿನ ಗಾಳಿ! ಎಲ್ಲಿಂದ ಬಂತು ಆ ಮಾತು, ಡಾಕ್ಟರು ಗಾಳಿಯ ಸುದ್ದಿಯನ್ನೇ ಎತ್ತಿರಲಿಲ್ಲ, ಜ್ವರ ಬಂದಾಗೆಲ್ಲ ನನ್ನ ಅಜ್ಜಿ ಹೇಳುತ್ತಿದ್ದ ಮಾತೇನೋ ಅದು, ನಾಲಿಗೆಗೆ ಸಿಕ್ಕದ್ದನ್ನು ಎತ್ತಿ ಕೊಟ್ಟೆ, ಅಳುವ ಮಗುವಿನ ಕೈಗೆ ಚಮಚ ಕೊಟ್ಟ ಹಾಗೆ. ಅವನು ಆ ಅರ್ಧವನ್ನು ಇನ್ನೊಂದಕ್ಕೆ ಕೂಡಿಸಿ ಮೇಜಿನ ಮೇಲಿಟ್ಟ, ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಹೇಳಿದ, ಹಾಗಾದ್ರೆ ಊರಿಗೇ ಹೋಗ್ಬಿಡೋಣ, ಪ್ರೆಸ್ಪಾ ಸರೋವರದ ಗಾಳಿ, ಸೇಬಿನ ತೋಟ, ಇಲ್ಲೇನಿದೆ ನಮಗೆ, ಮಕ್ಕಳೇ ಮರಿಗಳೇ. ಅಂದಿನಿಂದ ಎಲ್ಲವೂ ತಾನಾಗಿ ಉರುಳುತ್ತಿದೆ, ಬಾಡಿಗೆ ಮನೆಯ ಮಾಲೀಕನಿಗೆ ಹೇಳಿದ್ದಾಯಿತು, ಕಾರ್ಖಾನೆಯ ಮೇಲ್ವಿಚಾರಕನ ಕಿವಿಗೆ ಒಂದು ಮಾತು ಹಾಕಿದ್ದಾಯಿತು, ತಮ್ಮನಿಗೆ ಫೋನು ಹೋಯಿತು, ತಮ್ಮನಿಗೆ ಯಾಕೆ ಮಾಡಿದ, ಅಯ್ಯೋ, ಅವನಿಗೆ ಯಾಕೆ ಮಾಡಿದ.

ಸ್ಲಾವ್ಚೆ, ನನ್ನ ಮೈದುನ. ನಿನ್ನೆ ಮತ್ತೆ ಫೋನು, ಅತ್ತಿಗೇ, ನಾಳೆ ತಾನೆ ಸಹಿ, ಒಂದು ಗೀಟು ಎಳೆಯೋಕೆ ಇಷ್ಟು ಯೋಚನೆ ಯಾಕೆ, ಆ ದೇಶದಲ್ಲಿದ್ದು ನಿಮ್ಮ ಕೈನೂ ಬ್ಯಾಂಕಿನ ಲಾಕರಾಗಿ ಹೋಯ್ತಲ್ಲ, ನಗು, ಆಮೇಲೆ ದನಿ ಇಳಿಸಿ, ಕೋಲ್ಡ್ ಸ್ಟೋರೇಜಿಗೆ ಜಾಗ ನೋಡಿಟ್ಟಿದ್ದೀನಿ, ಊರಿನವರ ಸೇಬೆಲ್ಲ ನಮ್ಮ ಹತ್ರಾನೇ ಬರಬೇಕು, ಅಣ್ಣನ ಹೆಸರೇ ಬೋರ್ಡಿನ ಮೇಲೆ ಹಾಕ್ಸೋದು. ಬ್ಲಾಗೊಯಾ ಪಕ್ಕದಲ್ಲಿ ಕೂತು ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದ, ಸುಟ್ಟ ಸಿಪ್ಪೆ ಬೆರಳಿಗೆಲ್ಲ ಅಂಟಿತ್ತು, ತಲೆ ಎತ್ತಲಿಲ್ಲ, ಆಗಲಿ ಕಣೋ, ಆಗಲಿ ಕಣೋ ಎಂದ. ಆಗಲಿ ಕಣೋ ಎಂದೇ ತಮ್ಮನ ಟ್ರ್ಯಾಕ್ಟರಿಗೆ ನಮ್ಮ ದುಡ್ಡು ಹೋಯಿತು, ಆಗಲಿ ಕಣೋ ಎಂದೇ ಸ್ಲಾವ್ಚೆಯ ಮಗಳ ಮದುವೆಯಲ್ಲಿ ಮೂರು ದಿನ ಬ್ಯಾಂಡು ಊದಿತು, ಚಳಿಗಾಲದ ಮಧ್ಯದಲ್ಲಿ ಹೊಸ ಕೋಟನ್ನು ಯಾವನೋ ಪರಿಚಯದವನಿಗೆ ಬಿಚ್ಚಿ ಕೊಟ್ಟು ಸ್ವೆಟರಿನಲ್ಲಿ ಮನೆಗೆ ಬಂದಿದ್ದನಲ್ಲ, ನಾನು ಬೈದರೆ ಅವನಿಗೆ ಚಳಿಯಾಗ್ತಿತ್ತು ಕಣೇ ಎನ್ನುತ್ತಾನೆ, ಕೆಟ್ಟ ಗಂಡನನ್ನು ಕಟ್ಟಿಕೊಂಡವರು ಬಾಗಿಲು ಹಾಕಿಕೊಂಡಾದರೂ ಬದುಕುತ್ತಾರೆ, ಇಂಥ ಒಳ್ಳೆಯವನಿಂದ ಯಾವ ಬಾಗಿಲ ಹಿಂದೆ ಅಡಗಲಿ. ಹಣ ಬಂದ ವಾರಕ್ಕೆ ಅದು ಸ್ಲಾವ್ಚೆಯ ಕೋಲ್ಡ್ ಸ್ಟೋರೇಜಿನ ಗೋಡೆಯಾಗಿರುತ್ತದೆ. ಆಮೇಲೆ ಇವನು — ಆಮೇಲೆ ನಾನು ಸ್ಲಾವ್ಚೆಯ ಮನೆಯ ಹಿಂದಿನ ಕೋಣೆಯಲ್ಲಿ, ದೋಸ್ತಾ ಚಿಕ್ಕಮ್ಮನ ಹಾಗೆ, ನೋಡಿಲ್ಲವೇ ನಾನು, ಗಂಡ ಸತ್ತ ಮೇಲೆ ಮೈದುನನ ಮನೆ ಸೇರಿದ ಅವಳು ಹಲ್ಲು ನೋವಿಗೆ ಡಾಕ್ಟರ ಹತ್ತಿರ ಹೋಗಲು ಬಸ್ಸಿನ ಚಾರ್ಜು ಕೇಳಬೇಕಿತ್ತು, ಕೇಳಲು ಬಾಯಿ ಬಾರದೆ ಕೆನ್ನೆ ಹಿಡಿದುಕೊಂಡು ಅವನ ಊಟ ಮುಗಿಯುವವರೆಗೂ ಒಲೆಯ ಪಕ್ಕ ನಿಂತಿರುತ್ತಿದ್ದಳು, ಅವನು ಗೊತ್ತಿದ್ದೂ ಗೊತ್ತಿಲ್ಲದವನಂತೆ ಇನ್ನೊಂದು ತುಂಡು ಬ್ರೆಡ್ಡು ಮುರಿಯುತ್ತಿದ್ದ.

ಇಲ್ಲಿ ಸ್ವಲ್ಪ ಗಮನ ಕೊಡಿ, ಎನ್ನುತ್ತಾರೆ ಲೀಖ್ಟಿ, ಬೆರಳು ಒಂದು ಸಾಲಿನ ಮೇಲೆ, ದುಡ್ಡು ಪೂರ್ತಿ ತೆಗೆದ್ರೆ ಮುಂದೆ ನಿಧಿಗೂ ನಿಮಗೂ ಸಂಬಂಧ ಇಲ್ಲ, ಅವರು ಕೆಲಸದಲ್ಲಿ ಇದ್ದಾಗ ಏನಾದ್ರೂ ಆಯ್ತು ಅಂದ್ರೆ ನಿಮಗೆ ಜೀವನ ಪೂರ್ತಿ ವಿಧವೆಯರ ಪಿಂಚಣಿ ಬರತ್ತೆ, ಸಹಿ ಹಾಕಿದ್ರೆ ಅದೂ ಹೋಯ್ತು. ವಿಧವೆ. ಎಷ್ಟು ಸಲೀಸಾಗಿ ಅಂದರು, ಬಸ್ ನಿಲ್ದಾಣದ ಹೆಸರು ಹೇಳಿದಷ್ಟು ಸಲೀಸಾಗಿ, ನಾನು ಮೂರು ವಾರದಿಂದ ಆ ಶಬ್ದದ ಸುತ್ತಲೇ ನಡೆಯುತ್ತಿದ್ದೇನೆ, ವೃದ್ಧಾಶ್ರಮದ ಹಾಸಿಗೆ ಬಟ್ಟೆ ಒಗೆಯುವಾಗ, ಮಡಿಸುವಾಗ, ಅವನ ಪಕ್ಕದಲ್ಲಿ ಮಲಗಿರುವಾಗ, ಛೀ, ಪಕ್ಕದಲ್ಲಿ ಮಲಗಿಕೊಂಡೇ ಲೆಕ್ಕ ಹಾಕಿದ್ದೇನೆ, ಅವನು ಇಲ್ಲೇ ಕೆಲಸದಲ್ಲಿದ್ದು ಹೋದರೆ ನನಗೆ ಇಷ್ಟು, ಊರಿಗೆ ಹೋಗಿ ಕಣ್ಣು ಮುಚ್ಚಿದರೆ ಏನೂ ಇಲ್ಲ, ಅವನ ಉಸಿರು ನನ್ನ ಕತ್ತಿಗೆ ತಗಲುತ್ತಿತ್ತು, ನಾನು ಎಣಿಸುತ್ತಿದ್ದೆ. ನನಗೆ ಭಯ ಸ್ಲಾವ್ಚೆಯದಲ್ಲ, ನನ್ನೊಳಗೆ ಕೂತು ಬೆರಳು ಮಡಿಸಿ ಎಣಿಸುವ ಈ ಹೆಂಗಸಿನದ್ದು. ಸಹಿ ಹಾಕದೆ ಎದ್ದರೆ ಅವನಿಗೆ ಸೇಬಿನ ತೋಟ ಇಲ್ಲ, ದೂಳಿನಲ್ಲೇ ನಿಂತು ಕೆಮ್ಮಿ ಕೆಮ್ಮಿ, ನನ್ನ ಪಿಂಚಣಿಗಾಗಿ. ಸಹಿ ಹಾಕಿದರೆ ನಾನು ಒಲೆಯ ಪಕ್ಕ ಕೆನ್ನೆ ಹಿಡಿದುಕೊಂಡು. ಪೆನ್ನು ಎತ್ತಿದೆ, ಕೆಳಗಿಟ್ಟೆ, ಲೀಖ್ಟಿ ನೋಡಿದರು, ಪೆನ್ನನ್ನು ತಮ್ಮ ಕಡೆಗೆ ಎಳೆದುಕೊಂಡರು, ಮೆಲ್ಲಗೆ, ಇವತ್ತೇ ಆಗಬೇಕು ಅಂತೇನಿಲ್ಲ. ನಿಮ್ಮ ಯಜಮಾನರ ಆರೋಗ್ಯ ಹೇಗಿದೆ?

ಬಂತು. ಮೂರು ವಾರದಿಂದ ಕಾದಿದ್ದ ಪ್ರಶ್ನೆ ಬಂತು, ನಾನು ಶೀತ ಎನ್ನಬೇಕೆಂದು ಬಾಯಿ ತೆರೆದೆ, ಅವರು ಸಾಯ್ತಾರೆ ಎಂದೆ, ನನ್ನ ದನಿಯೇ, ಜರ್ಮನ್ನಿನಲ್ಲಿ, ವ್ಯಾಕರಣ ಕೂಡ ಸರಿಯಾಗಿತ್ತು, ಅವರಿಗೆ ಗೊತ್ತಿಲ್ಲ, ಎಂದೆ. ಲೀಖ್ಟಿ ಎದ್ದು ಒಂದು ಲೋಟ ನೀರು ತಂದರು, ಕೂತರು, ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು, ನೋಡಿ, ನಾನು ನಿಮಗೆ ಇದು ಮಾಡಿ ಅದು ಮಾಡಿ ಅನ್ನೋ ಹಾಗಿಲ್ಲ, ಆದ್ರೆ ಮೂರನೇ ದಾರಿ ಒಂದಿದೆ ಅಂತ ಹೇಳಬಹುದು, ಊರಿಗೆ ಹೋಗೋರು ಎಲ್ಲರೂ ದುಡ್ಡು ತೆಗೀಲೇಬೇಕು ಅಂತ ಯಾರು ಹೇಳಿದ್ರು, ಅದನ್ನ ಇಲ್ಲೇ, ಅವರ ಹೆಸರಲ್ಲೇ, ಬೀಗ ಹಾಕಿದ ಖಾತೆಗೆ ಹಾಕಿಸಿ, ನಿಮ್ಮ ಸಹಿ ಇಲ್ಲದೆ ಯಾರೂ ಮುಟ್ಟೋಕಾಗಲ್ಲ, ಯಾವ ನೆಂಟರೇ ಬರಲಿ, ಆಮೇಲೆ ಅವರು ಇಲ್ಲದ ದಿನ, ಹೆಂಡತಿಗೇ ಬರತ್ತೆ, ಇಡಿಯಾಗಿ. ತಿಂಗಳ ಪಿಂಚಣಿ ಇರಲ್ಲ, ಆ ಗಂಟು ನಿಮ್ಮದು. ಅಷ್ಟು ದಿನ ಊಟಕ್ಕೆ ಕೈಯಲ್ಲಿ ಏನಾದ್ರೂ ಇದೆಯಾ? ಇದೆ, ಸ್ವಲ್ಪ ಇದೆ, ಬ್ಯಾಂಕಿನಲ್ಲಿ, ಕಾರು ಮಾರಿದರೆ ಇನ್ನಷ್ಟು, ಊರಲ್ಲಿ ಮನೆ ಇದೆ, ಸೌದೆ ಇದೆ, ಸಾಕು, ಎರಡು ವರ್ಷಕ್ಕೆ ಸಾಕು — ಮತ್ತೆ ಎಣಿಸಿದೆ, ಮತ್ತೆ ಬೆರಳು ಮಡಿಸಿದಳು ಅವಳು. ಮೈ ಹಗುರಾಯಿತು, ಒಂದು ಗಳಿಗೆ, ತೋಟವೂ ಸಿಕ್ಕಿತು ಬಸ್ಸಿನ ಚಾರ್ಜೂ ಸಿಕ್ಕಿತು ಎಂದುಕೊಂಡೆ, ಮರುಗಳಿಗೆ ಹೊಳೆಯಿತು, ಅವನು ಕೇಳುತ್ತಾನೆ, ಯಾಕೆ ಮೆಂಕಾ, ಯಾಕೆ ಬೀಗ, ಯಾಕೆ ಈಗಲೇ ತೆಗೀಬಾರದು, ಏನಂದ್ರು, ಆಗ ಇನ್ನೊಂದು ಊರಿನ ಗಾಳಿಯನ್ನು ಎಲ್ಲಿಂದ ತರಲಿ. ಇದನ್ನ ಅವರಿಗೆ ಹೇಳದೆ ಮಾಡೋಕಾಗಲ್ಲ, ಖಾತೆ ಅವರದ್ದು, ಎಂದರು ಲೀಖ್ಟಿ, ಕೈ ಕುಲುಕಿದರು, ಅವರ ಕೈ ಬೆಚ್ಚಗಿತ್ತು, ನನ್ನದಕ್ಕೆ ನಾಚಿಕೆಯಾಯಿತು.

ಬಾಗಿಲು, ಹಿಡಿಕೆ, ಅವನು ಎದ್ದು ನಿಂತಿದ್ದಾನೆ, ಗೂಟದ ಮೇಲಿದ್ದ ನನ್ನ ಕೋಟನ್ನು ಆಗಲೇ ತೆಗೆದು ತೋಳಿನ ಮೇಲೆ ಹಾಕಿಕೊಂಡಿದ್ದಾನೆ, ಬೇರೆ ಯಾರೂ ಇಲ್ಲ, ಕಿಟಕಿಯಾಚೆ ಟ್ರಾಲಿ ಬಸ್ಸಿನ ತಂತಿ. ಆಯ್ತಾ? ಇಲ್ಲ, ಸಹಿ ಹಾಕಲಿಲ್ಲ, ಎಂದೆ. ಅವನ ಮುಖ ನೋಡಲು ಹೆದರಿದೆ, ನೋಡಿದೆ, ಅಲ್ಲಿದ್ದದ್ದು ಕೋಪವಲ್ಲ, ಬೇಸರವೂ ಅಲ್ಲ, ಭಾರದ ಮೂಟೆ ಕೆಳಗಿಟ್ಟವನ ಮುಖ, ಅಬ್ಬ, ಎಂದ, ನಿಜವಾಗಿಯೂ ಅಬ್ಬ ಎಂದ, ಸ್ಲಾವ್ಚೆಗೆ ಬೇಡ ಅನ್ನೋಕೆ ನನ್ನ ಬಾಯಲ್ಲಿ ಎಲ್ಲಿ ಬರತ್ತೆ ಕಣೇ, ನೀನೇ ಅಂತೀಯ ಅಂತ ಕಾಯ್ತಾ ಇದ್ದೆ, ನಿನ್ನೆ ಅಷ್ಟು ಹೊತ್ತು ಮೆಣಸಿನಕಾಯಿ ಸುಲಿದೆ, ನೀನು ಅನ್ನಲೇ ಇಲ್ಲ. ನಾನು ಬೀಗದ ಖಾತೆಯ ವಿಷಯ ಹೇಳಿದೆ, ತಡವರಿಸಿ, ಹಿಂದುಮುಂದಾಗಿ, ಊರಿಗೆ ಹೋಗಬಹುದು, ಹಣ ಇಲ್ಲೇ ಇರುತ್ತದೆ, ನಾವಿಬ್ಬರೂ ಸಹಿ ಹಾಕದೆ ಯಾರಿಗೂ ಸಿಗುವುದಿಲ್ಲ, ಅಷ್ಟಕ್ಕೆ ನಿಲ್ಲಿಸಿದೆ. ಹ್ಞೂ, ಎಂದ. ಆಮೇಲೆ ನಿನಗೆ ಬರತ್ತಾ? ಯಾವ ಆಮೇಲೆ, ಎಂದು ಕೇಳಬೇಕಿತ್ತು ನಾನು, ಬರತ್ತೆ ಎಂದುಬಿಟ್ಟೆ. ಸರಿ, ಎಂದ, ಹಾಗಾದ್ರೆ ಹಾಗೇ ಮಾಡೋಣ, ಬಾ, ಹೊರಗೆ ಚಳಿ, ಎಂದು ಕೋಟನ್ನು ಎರಡೂ ಕೈಯಲ್ಲಿ ಅಗಲವಾಗಿ ಬಿಡಿಸಿ ಹಿಡಿದ, ನಾನು ಬೆನ್ನು ತಿರುಗಿಸಿದೆ, ಬಲಗೈ ಒಂದು ತೋಳಿಗೆ ಹೋಯಿತು, ಎಡಗೈ ಹಿಂದಕ್ಕೆ ಚಾಚಿದೆ, ಆಗ, ನನ್ನ ತಲೆಯ ಹಿಂದಿನಿಂದ, ಹತ್ತಿರದಿಂದ, ಅದೇ ಮೆತ್ತಗಿನ ದನಿಯಲ್ಲಿ, ಶ್ವಾಸಕೋಶಕ್ಕೆ ಜರ್ಮನ್ನಲ್ಲಿ ಏನಂತಾರೆ ಅಂತ ನಂಗೆ ಗೊತ್ತು ಮೆಂಕಾ, ಸಾಯೋದಕ್ಕೂ ಏನಂತಾರೆ ಅಂತ ಗೊತ್ತು, ಅಷ್ಟು ವರ್ಷದಲ್ಲಿ ಅಷ್ಟಾದ್ರೂ ಬರಲ್ವಾ, ಊರಿನ ಗಾಳಿ ಅಂದೆಯಲ್ಲ, ಚೆನ್ನಾಗಿತ್ತು ಅದು, ಇರಲಿ ಅಂತ ಸುಮ್ಮನಿದ್ದೆ, ಅಂಕಿ ಮಾತ್ರ ಸರಿಯಾಗಿ ಕೇಳಿಸಲಿಲ್ಲ, ಡಾಕ್ಟ್ರು ಬೇಗ ಬೇಗ ಹೇಳ್ಬಿಟ್ರು. ಎಷ್ಟು ಅಂದ್ರು? ನನ್ನ ಎಡಗೈ ಹಿಂದೆ, ಗಾಳಿಯಲ್ಲಿ, ಕೋಟಿನ ತೋಳು ಹುಡುಕುತ್ತಿದೆ, ಅಂಚು ಸಿಕ್ಕಿತು, ತಪ್ಪಿತು, ಒಂದೂವರೆ ವರ್ಷ ಎಂದೆ, ಹೆಚ್ಚೆಂದರೆ ಎರಡು ಎಂದೆ, ಗಟ್ಟಿಯಾಗಿಯೇ ಎಂದೆ, ಕೋಟು ಅಲುಗುವುದಿಲ್ಲ, ಅವನು ಹಿಡಿದೇ ಇದ್ದಾನೆ, ತಿರುಗಿದರೆ ಮುಖ ನೋಡಬೇಕು, ಕೈ ಇನ್ನಷ್ಟು ಹಿಂದಕ್ಕೆ, ತೋಳಿನ ಬಾಯಿ ಇಲ್ಲೇ ಇರಬೇಕು, ಇಲ್ಲೇ, ಬೆರಳಿಗೆ ಅಸ್ತರಿನ ನುಣುಪು ತಗಲುತ್ತದೆ, ಜಾರುತ್ತದೆ, ಕೈ ಹಿಂದಕ್ಕೆ, ತೋಳು ಸಿಗುವುದಿಲ್ಲ, ಕೈ ಹಿಂದಕ್ಕೆ, ತೋಳು