ಅತ್ತಿಗೆಯ ರೇಖಾಗಣಿತ

ನನ್ನ ಅತ್ತಿಗೆ ಯಾವುದನ್ನೂ ಎರಡು ಕಣ್ಣಿಂದ ನೋಡಿದವರಲ್ಲ. ಎಡಗಣ್ಣು ಮುಚ್ಚಿ, ಕತ್ತನ್ನು ತುಸು ಓರೆಮಾಡಿ, ಎದುರಿಗಿರುವುದು ಗೋಡೆಯೋ ಗಂಡನೋ ಎಂಬ ಭೇದವಿಲ್ಲದೆ ಅಳೆಯುವ ಆ ದೃಷ್ಟಿ, ವಿಮಾ ಕಚೇರಿಯಲ್ಲಿ ಅಪಘಾತದ ಫೋಟೋಗಳನ್ನು ಪರೀಕ್ಷಿಸಿ ಪರೀಕ್ಷಿಸಿ ಬಂದದ್ದೆಂದು ಅಣ್ಣ ಹೇಳುತ್ತಾನೆ. ನನಗೇನೋ ಅದು ಹುಟ್ಟುಗುಣವೆಂದೇ ಗುಮಾನಿ. ಡಬ್ಬದ ಮೇಲೆ ತಾವೇ 'ಸಕ್ಕರೆ' ಎಂದು ಚೀಟಿ ಅಂಟಿಸಿದ್ದರೂ ಒಂದು ಹರಳನ್ನು ನಾಲಿಗೆಗೆ ತಾಗಿಸದೆ ಚಹಾಕ್ಕೆ ಹಾಕಿದವರಲ್ಲ. ಯಾರು ಏನೇ ಹೇಳಲಿ, ಮೊದಲು ಬರುವ ಮಾತು ಒಂದೇ: "ಯಾರ್ ಹೇಳಿದ್ದು?"

ಇಂಥವರ ಕಚೇರಿಗೆ ಫೋಟೋ ನೋಡುವ ಯಂತ್ರ ಬರುತ್ತದೆಂಬ ಸುದ್ದಿ ಬಂತು. ಪರೀಕ್ಷಕರ ಕುರ್ಚಿಗಳೆಲ್ಲ ಹೋಗಿ, ಯಂತ್ರಕ್ಕೆ ನೋಡುವುದನ್ನು ಕಲಿಸುವ ಕಂಪ್ಯೂಟರ್ ವಿಷನ್ ವಿಭಾಗದಲ್ಲಿ ಉಳಿಯುವುದು ಒಂದೇ ಒಂದು ಕುರ್ಚಿ, ಅದೂ ಲಿಖಿತ ಪರೀಕ್ಷೆಯಲ್ಲಿ ಗೆದ್ದವರಿಗೆ. ಸಹೋದ್ಯೋಗಿಗಳು ಸಿದ್ಧ ಕಂಪ್ಯೂಟರ್ ಪಾಠಗಳಿಗೆ ಮುಗಿಬಿದ್ದರೆ, ಅತ್ತಿಗೆ ಬುಡದಿಂದ ಬರುತ್ತೇನೆಂದು ಪ್ರಕ್ಷೇಪ ರೇಖಾಗಣಿತದ ದಪ್ಪ ಪುಸ್ತಕವೊಂದನ್ನು ತಂದು ಊಟದ ಮೇಜಿನ ಮೇಲೆ ಸ್ಥಾಪಿಸಿದರು. ಲೋಕ ಚಪ್ಪಟೆ ಚಿತ್ರವಾಗುವಾಗ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದರ ಶಾಸ್ತ್ರ ಅದು.

ಮೊದಲ ಅಧ್ಯಾಯದಲ್ಲೇ ಜಗಳ. "ಸಮಾನಾಂತರ ರೇಖೆಗಳು ಸೇರ್ತವಂತೆ! ನಾಚಿಕೆ ಆಗಲ್ವಾ ಹೀಗ್ ಬರೆಯೋಕೆ?" ಎಂದು ಪುಸ್ತಕವನ್ನೇ ಬೈದು, ಕಚೇರಿಯ ಗೋಡೆಯನ್ನು ಓರೆಯಾಗಿ ನಿಂತು ತೆಗೆದ ಫೋಟೋವೊಂದನ್ನು ಮೇಜಿಗೆ ಅಂಟಿಸಿ, ಗೋಡೆಯ ಮೇಲಂಚಿಗೂ ಕೆಳಂಚಿಗೂ ಸ್ಕೇಲಿಟ್ಟು ಗೆರೆ ಎಳೆದರು. ಗೆರೆಗಳು ಫೋಟೋ ದಾಟಿ ಮೇಜುಬಟ್ಟೆಯ ಮೇಲೆ ಒಂದಾದವು. "ಸೇರ್ತವೆ ಕಣೋ," ಎಂದು ಮರುದಿನ ನನ್ನ ಬಳಿ, ನೆಂಟರ ಮನೆಯ ಗುಟ್ಟು ಹೇಳುವ ದನಿಯಲ್ಲಿ ಪಿಸುಗುಟ್ಟಿದರು. ಆ ಬಟ್ಟೆಯನ್ನು ಒಗೆಯಲು ಯಾರಿಗೂ ಬಿಡಲಿಲ್ಲ.

ತಿಂಗಳುಗಳು ಉರುಳಿದವು, ಅತ್ತಿಗೆ ಕಂಪ್ಯೂಟರ್ ಪಾಠವನ್ನು ತೆರೆಯಲೇ ಇಲ್ಲ. ನಮಗೆ ಅನುಮಾನ ಶುರುವಾಯಿತು: ಇದು ಸಿದ್ಧತೆಯೋ, ಪರೀಕ್ಷೆಯ ಹೆದರಿಕೆಗೆ ಪುಸ್ತಕದ ಮರೆಯೋ? "ಬರೀ ಪಾಯ ತೋಡ್ತಾ ಕೂತ್ರೆ ಮನೆ ಕಟ್ಟೋದ್ ಯಾವಾಗ?" ಎಂದು ಅಣ್ಣ ರೇಗಿದ. ಅತ್ತಿಗೆ ಪುಟ ತಿರುವಿದರು.

ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಯೇ ಅವರಿಗೆಂದು ಬರೆದಂತಿತ್ತಂತೆ: ಒಂದೇ ಸಾಲಿನ ನಾಲ್ಕು ಕಂಬಗಳ ಫೋಟೋ, ಮೂರರ ದೂರ ಗೊತ್ತು, ಕೊನೆಯದರ ದೂರವೆಷ್ಟು? ಯಾವ ಓರೆಯಿಂದ ಚಿತ್ರ ತೆಗೆದರೂ ಅಂಥ ನಾಲ್ಕು ಬಿಂದುಗಳ ನಡುವಿನ ಒಂದು ಅನುಪಾತ ಬದಲಾಗದೆಂಬ ಪ್ರಮೇಯ ಹಾಕಿದರೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಅತ್ತಿಗೆ ಆ ಪ್ರಮೇಯವನ್ನು ಮನೆಯಲ್ಲಿ ತಾವೇ ಸಾಧಿಸಿಯೂ ಇದ್ದರು. ಆದರೆ ಆ ಸಾಧನೆ ಸರಿಯಿತ್ತೆಂದು ಕಂಡವರು ಯಾರು? ತಿದ್ದಲು ಮೇಷ್ಟ್ರಿಲ್ಲ, ಕೇಳಲು ಜೊತೆಗಾರರಿಲ್ಲ. ಬರೆಯುತ್ತಿದ್ದ ಕೈ ನಿಂತಿತು. ಮತ್ತೆ ಮೊದಲಿಂದ ಸಾಧಿಸಲು ಕೂತರು. ತರ್ಕದ ನಡುವೆ ಒಂದು ತೂತು ಕಂಡಿತು. ಅದನ್ನು ಮುಚ್ಚುವಷ್ಟರಲ್ಲಿ ಗಂಟೆ ಬಾರಿಸಿ, ಮಿಕ್ಕ ಪ್ರಶ್ನೆಗಳೆಲ್ಲ ಬಿಳಿ ಹಾಳೆಯಾಗಿಯೇ ಉಳಿದವು.

ಆ ಒಂದೇ ಕುರ್ಚಿ ಅತ್ತಿಗೆಯ ಪಕ್ಕದ ಮೇಜಿನ, ಪಾಠವನ್ನೆಲ್ಲ ಉರುಹೊಡೆದ ಗೃಹಸ್ಥನಿಗೆ ಹೋಯಿತು. "ಹೋಗ್ಲಿ ಬಿಡೋ, ತೂತು ಸಿಕ್ತಲ್ಲ," ಎಂದು ಅತ್ತಿಗೆ ನಕ್ಕರು. ಆ ನಗು ನಿಜವೆಂದು ನಾನು ಇಂದಿಗೂ ನಂಬಿಲ್ಲ.

ಒಬ್ಬಂಟಿಯಾಗಿ ಕಲಿಯುವವರ ಕುಲವೇ ಹೀಗೇನೋ. ಅವರಿಗೆ ಕಿವಿ ಹಿಂಡುವ ಗುರುವಿಲ್ಲ, ಬೆನ್ನು ತಟ್ಟುವ ಗುರುವೂ ಇಲ್ಲ. ಎರಡನ್ನೂ ಅವರ ಸಂಶಯವೇ ಮಾಡಬೇಕು. ಕಿವಿ ಹಿಂಡುವುದನ್ನು ಅದು ಬಹುಬೇಗ ಕಲಿತುಬಿಡುತ್ತದೆ. ಬೆನ್ನು ತಟ್ಟುವುದನ್ನು ಕಡೆಯವರೆಗೂ ಕಲಿಯುವುದಿಲ್ಲ.