ಮೂವತ್ತೊಂದನೇ ತಾರೀಖಿನ ಸೂಜಿ

ಕಬ್ಬಿನ ಜಲ್ಲೆಯೊಂದು ಮುಂದಿನ ಟ್ರ್ಯಾಕ್ಟರಿನಿಂದ ಜಾರಿ ಡಾಂಬರಿನ ಮೇಲೆ ಎಳೆದುಕೊಂಡು ಹೋಗುತ್ತಿದೆ, ಸರ್ ಸರ್ ಸರ್, ಹಾರ್ನ್ ಹೊಡೆದರೂ ಡ್ರೈವರನಿಗೆ ಕೇಳಿಸದು, ಅವನ ಹಾಡಿನ ಸದ್ದೇ ದೊಡ್ಡದು, ದಾರಿ ಬಿಡೋ ಅಣ್ಣಾ, ಕರೋಶಿ ಇನ್ನೂ ಆರು ಕಿಲೋಮೀಟರು — ನನ್ನ ಸ್ಕೂಟಿಯ ಹಿಂದಿನ ಸೀಟಿನಲ್ಲಿ ನರ್ಸ್ ದ್ರೌಪದಿ ಲಸಿಕೆಯ ಐಸ್ ಡಬ್ಬಿಯನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದಾಳೆ, ಚಿಕ್ಕೋಡಿ ಬಿಟ್ಟಾಗಿನಿಂದ ಅದರ ಮುಚ್ಚಳ ಒತ್ತಿ ಹಿಡಿದೇ ಇದ್ದಾಳೆ, ಬೆಳಿಗ್ಗೆ ದವಾಖಾನೆಯಿಂದ ಫೋನ್ ಮಾಡಿದ್ದಳು, ಕೌಸರ ಮೇಡಂ, ನಿಮ್ಮ ಸೂಜಿ ತಾರೀಖಿನ ಆ್ಯಪ್‌ನ್ಯಾಗ ಏನೋ ಗಡಬಡ ಆಗೈತ್ರಿ, ನಾಯಿ ಕಡದವರಾಗ ಇಪ್ಪತ್ತೆಂಟರಿಂದ ಮೂವತ್ತೊಂದರ ತನಕ ಒಬ್ಬರೂ ಸೂಜಿ ತಗೊಂಡಿಲ್ರಿ. ನಾನು ನಕ್ಕೆ. ಹೌದು, ನಕ್ಕೆ, ವರ್ಷದ ಕೊನೆ, ಎಲ್ಲಾ ಊರಿಗೆ ಹೋಗ್ಯಾರ ತಗೋರಿ ಅಂದೆ, ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಿಂದ ಲ್ಯಾಪ್‌ಟಾಪ್ ತೆರೆದೆ, ಸಾಲಾಗಿ ಎಂಟು ಹೆಸರು, ಎಂಟರ ಮುಂದೆಯೂ 2026ರ ಡಿಸೆಂಬರ್. 2025 ಅಲ್ಲ, 2026. ಇವತ್ತು ಇಪ್ಪತ್ತಾರರ ಜನವರಿ ಐದು, ಹೋದ ವಾರವೇ ಹಾಕಬೇಕಾಗಿದ್ದ ಸೂಜಿಯನ್ನು ನನ್ನ ಆ್ಯಪ್ ವರುಷದಾಚೆಗೆ ತಳ್ಳಿಬಿಟ್ಟಿದೆ.

ಇಂಗ್ಲಿಷಿನ ವಾಯ್ ಅಕ್ಷರ, ಅಷ್ಟೇ, ತಾರೀಖನ್ನು ಹೇಗೆ ತೋರಿಸಬೇಕೆಂದು ಬರೆಯುವ ಕೋಡಿನ ಸಾಲಿನಲ್ಲಿ ಸಣ್ಣ ವಾಯ್ ನಾಲ್ಕು ಸಲ ಬರೆಯಬೇಕಿತ್ತು, ದೊಡ್ಡದನ್ನು ಬರೆದಿದ್ದೆ. ಸಣ್ಣದು ಅಂದರೆ ಕ್ಯಾಲೆಂಡರಿನ ವರ್ಷ, ದೊಡ್ಡದು ಅಂದರೆ ಆ ವಾರ ಯಾವ ವರ್ಷಕ್ಕೆ ಸೇರಿತೋ ಆ ವರ್ಷ, ಜನವರಿ ಒಂದು ಬಂದ ವಾರವೆಲ್ಲ ಹೊಸ ವರ್ಷದ್ದೇ ಎಂದು ಅದರ ಲೆಕ್ಕ, ಡಿಸೆಂಬರ್ ಇಪ್ಪತ್ತೆಂಟರ ಭಾನುವಾರದಿಂದಲೇ ಅದಕ್ಕೆ 2026 ಶುರು. ಜೂನ್‌ನಲ್ಲಿ ಪರೀಕ್ಷೆ ಮಾಡಿದ್ದೆ, ಆಗಸ್ಟ್‌ನಲ್ಲಿ ಮಾಡಿದ್ದೆ, ಒಂದು ದಿನವೂ ತಪ್ಪಲಿಲ್ಲ, ಹೇಗೆ ತಪ್ಪೀತು, ವರ್ಷದ ಕೊನೆಯ ವಾರದಲ್ಲಷ್ಟೇ ಬಾಯಿ ತೆರೆಯುವ ತಪ್ಪು ಅದು. ಚಹಾ ಎಲ್ಲಿಟ್ಟೆನೋ ನೆನಪಿಲ್ಲ, ಸಾಲು ತಿದ್ದಿದೆ, ಎಂಟೂ ನಂಬರು ದ್ರೌಪದಿಗೆ ಓದಿ ಹೇಳಿದೆ, ಅವಳು ಹಚ್ಚಿದಳು, ಏಳು ಮಂದಿ ಸಿಕ್ಕರು, ಹೊರಟೇವ್ರಿ ಅಂದರು. ಎಂಟನೆಯದು ಸ್ವಿಚ್ ಆಫ್. ಆಗ ದ್ರೌಪದಿಯ ದನಿ ಕುಸಿಯಿತು, ಮೇಡಂ, ಆಕಿ ಬಂದಿದ್ಲ್ರಿ, ಕರೋಶಿ ಅಕ್ಕುತಾಯಿ, ಮೂವತ್ತೊಂದಕ್ಕ ಮೊದಲನೇ ಬಸ್ಸಿಗೇ ಬಂದಿದ್ಲು, ನಾನ ವಾಪಸ್ ಕಳಿಸೇನಿ.

ವಾಪಸ್ ಕಳಿಸಿದಳು. ಎಮ್ಮೆಗೆ ಮೇವು ಹಾಕುವಾಗ ಬೀದಿನಾಯಿ ಕೆನ್ನೆಗೇ ಬಾಯಿ ಹಾಕಿದ್ದ ಮುದುಕಿ, ಏಳು ದಿನ ಆತು ನೋಡವ್ವಾ, ಮೂರನೇ ಸೂಜಿ ಇವತ್ತ, ಬೆರಳಿನ್ಯಾಗ ಎಣಿಸಕೊಂಡ ಬಂದೇನಿ ಅಂದಳಂತೆ, ಇವಳು ಮೊಬೈಲು ತೋರಿಸಿ, ಅಜ್ಜೀ, ನಿನ್ನ ಹೆಸರ ಇವತ್ತಿನ ಯಾದಿಯಾಗ ಇಲ್ಲ, ಮುಂದಿನ ವರ್ಷ ಐತಿ ಅಂದಳಂತೆ. ಮೊಬೈಲ್ ಸುಳ್ಳ ಹೇಳತೈತೇನ ಬಿಡು, ಅಂದು ಮುದುಕಿ ಎದ್ದುಹೋದಳಂತೆ. ಅವಳ ಬೆರಳು ಸರಿ ಎಣಿಸಿತ್ತು — ದವಾಖಾನೆಯ ಡಾಕ್ಟರ್ ಸಿದ್ದಲಿಂಗ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು, ತಡ ಆದ್ರೂ ಮುಂದುವರಿಸೋಣು, ಆದ್ರ ಕಡದದ್ದು ಮಾರಿಗೆ ಐತಿ, ಮೆದುಳಿಗೆ ಹತ್ರ, ಹೋದ ಕೂಡಲೇ ನೀರ ಕುಡಿಯಾಕತ್ತಾಳೇನು ನೋಡ್ರಿ, ಅಷ್ಟೇ ಅಂದರು. ನೀರು ಕುಡಿಯಲಾಗದಿದ್ದರೆ ಹುಚ್ಚುನಾಯಿ ರೋಗ ಹತ್ತಿದಂತೆ, ಆಮೇಲೆ ಯಾವ ಸೂಜಿಯೂ ನಾಟುವುದಿಲ್ಲ. ಗೊತ್ತಿತ್ತು. ಆ್ಯಪ್‌ನಲ್ಲಿ ರೋಗದ ಲಕ್ಷಣಗಳ ಪುಟ ಬರೆದವಳೂ ನಾನೇ.

ಟ್ರ್ಯಾಕ್ಟರು ಯಾವಾಗ ಹಿಂದೆ ಉಳಿಯಿತೋ, ಅಕ್ಕುತಾಯಿಯ ಪತ್ರಾಸ್ ತಗಡಿನ ಮನೆ, ಅಂಗಳದಲ್ಲಿ ಸೊಸೆ ಸಪನಾ, ಫೋನ್ ಕೆಟ್ಟೈತ್ರಿ, ಯಾಕ, ಏನಾತು? ಅತ್ತೆ ಎಲ್ಲಿ ಅಂದೆ. ನಿನ್ನೆಯಿಂದ ಮೈ ಬಿಸಿ ಆಗೇತ್ರಿ, ಮಕ್ಕೊಂಡಾರ. ಮೈ ಬಿಸಿ, ನಾನು ಬರೆದ ಪುಟದ ಮೊದಲ ಲಕ್ಷಣ. ದ್ರೌಪದಿ ನನ್ನ ಮೊಣಕೈ ಹಿಡಿದಳು, ಉಗುರು ನಾಟಿತು, ಒಳಗೆ ಕತ್ತಲಿಗೆ ಕಣ್ಣು ಹೊಂದುವ ಮೊದಲೇ ನಾನು ಕೇಳಿಬಿಟ್ಟೆ, ಅಜ್ಜೀ, ಸ್ವಲ್ಪ ನೀರು ಕುಡೀರಿ. ಅಕ್ಕುತಾಯಿ ಕಂಬಳಿ ಸರಿಸಿ ಎದ್ದು ಕೂತಳು, ಕೆನ್ನೆಯಲ್ಲಿ ಒಣಗಿದ ಮೂರು ಗೀರು, ಯಾರವ್ವಾ ನೀ, ಸಪನಾ ತಂಬಿಗೆ ತಂದಳು, ಮುದುಕಿ ಎತ್ತಿದಳು, ತುಟಿಗೆ ನಾಲ್ಕು ಬೆರಳಿನಷ್ಟು ದೂರದಲ್ಲಿ — ನಿಲ್ಲಿಸಿದಳು. ಕೈ ನಿಂತಿತು. ಕುಡಿಯುತ್ತಿಲ್ಲ. ಯಾ ಅಲ್ಲಾ, ಕುಡಿಯುತ್ತಿಲ್ಲ. ಆಮೇಲೆ ತಂಬಿಗೆ ನನ್ನ ಕಡೆ ತಿರುಗಿತು, ಬಿಸಲಾಗ ಬಂದೀರಿ, ಮಾರಿ ಬೆಳ್ಳಗ ಆಗೈತಿ, ಮೊದಲ ನೀವ ಕುಡೀರಿ. ತೆಗೆದುಕೊಂಡೆ, ಒಂದು ಗುಟುಕು, ಗಂಟಲಲ್ಲೇ ಉಳಿಯಿತು, ನುಂಗಲಾಗಲಿಲ್ಲ, ಅವಳು ತಂಬಿಗೆ ಇಸಿದುಕೊಂಡು ಕತ್ತು ಹಿಂದಕ್ಕೆ ಚೆಲ್ಲಿ ಎತ್ತಿ ಸುರಿದುಕೊಂಡಳು, ಗಟ ಗಟ, ಗಂಟಲು ಮೇಲೆ, ಕೆಳಗೆ, ಮೇಲೆ, ದ್ರೌಪದಿ ನೆಲಕ್ಕೆ ಕುಸಿದು ಅಳತೊಡಗಿದಳು.

ಸೂಜಿ ಹಾಕಿದ್ದಾಯಿತು, ಬರೇ ನೆಗಡಿ ಜ್ವರ ಅದು ಅಂದರು ಡಾಕ್ಟರು ಫೋನಿನಲ್ಲಿ, ಏಳೂ ಮಂದಿ ಬಂದುಹೋದರಂತೆ, ತಪ್ಪ ನಂದ್ರಿ ಅಜ್ಜೀ ಅಂದರೆ ಅಕ್ಕುತಾಯಿ ನನ್ನ ತಲೆ ಸವರಿ ಇರ್ಲಿ ಬಿಡವ್ವಾ ಅಂದಳು, ಸಪನಾ ಚಹಾಕ್ಕೆ ಇಟ್ಟಿದ್ದಾಳೆ, ಏನೋ ಕೇಳುತ್ತಿದ್ದಾಳೆ, ಸಕ್ಕರಿ ಎಷ್ಟ್ರಿ, ಎಲ್ಲ ಸರಿಯಾಯಿತು, ಸರಿಯಾಯಿತಲ್ಲ, ಆದರೂ ನನ್ನ ಕಣ್ಣೊಳಗೆ ತಂಬಿಗೆ ಅಲ್ಲೇ ಇದೆ, ತುಟಿಗೆ ನಾಲ್ಕು ಬೆರಳು ದೂರ, ಕೈ ನಿಂತಿದೆ, ನೀರು ಅಲುಗುತ್ತಿಲ್ಲ, ತುಟಿಗೆ ನಾಲ್ಕು ಬೆರಳು ದೂರ, ತಂಬಿಗೆ